ಮೇಣ ಮುಟ್ಟಿದ ಕೈ

ನಾನು ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಈ ಚಡಪಡಿಕೆಯೇ ಮೂಲ. ನನ್ನ ಅತ್ತೆ ಸಾವಂತ್ರವ್ವ ಬದುಕಿದ್ದಾಗ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದರು, “ಹೊನ್ನಾಜಿ, ನಿನ್ನ ಅಂಗಾಲಿಗೆ ಯಾರೋ ಇರುವೆ ಬಿಟ್ಟವ್ರೆ ಕಣೇ.” ಅವರು ನನಗೆ ಅತ್ತೆ ಮಾತ್ರವಲ್ಲ, ಕೆಲಸ ಕಲಿಸಿದವರೂ ಹೌದು. ನಮ್ಮದು ಗಂಧಿಗರ ಮನೆ. ಊರಿಗೆಲ್ಲ ಇರುವುದು ಅದೊಂದೇ.

ನಮ್ಮೂರಲ್ಲಿ ನಲವತ್ತು ದಾಟಿದವರ ಮೈವಾಸನೆ ಯಾವತ್ತು ಬೇಕಾದರೂ ಹೊರಟುಹೋಗುತ್ತದೆ. ಕೆಲವರದು ನಲವತ್ತೊಂದಕ್ಕೇ, ಕೆಲವರದು ಐವತ್ತಕ್ಕೆ. ರಾತ್ರಿ ಮಲಗುವಾಗ ಇರುತ್ತದೆ, ಬೆಳಿಗ್ಗೆ ಎದ್ದರೆ ಇರುವುದಿಲ್ಲ. ಹಾಗೆ ಹೋದ ಮೇಲೆ ಹೆತ್ತ ಮಕ್ಕಳೂ ಬಾಗಿಲಲ್ಲಿ ನಿಂತು “ಯಾರು ಬೇಕಾಗಿತ್ತು?” ಅನ್ನುತ್ತಾರೆ. ಮುಖ ಅದೇ, ದನಿ ಅದೇ, ಉಟ್ಟ ಸೀರೆ ಅದೇ. ಆದರೂ ಗುರುತು ಹತ್ತುವುದಿಲ್ಲ. ಅದಕ್ಕೇ ನಲವತ್ತಕ್ಕೆ ಮುಂಚೆಯೇ ಎಲ್ಲರೂ ನಮ್ಮಲ್ಲಿಗೆ ಬಂದು ಗುರುತು ಮಾಡಿಸಿಕೊಂಡು ಹೋಗುತ್ತಾರೆ. ಗುರುತು ಅಂದರೆ ಬೇರೇನಲ್ಲ, ಅಂಗೈಯಲ್ಲಿ ಹಿಡಿಸುವ ಒಂದು ಹಿತ್ತಾಳೆ ಕರಡಿಗೆ, ಅದರ ತುಂಬ ಗಟ್ಟಿ ಮೇಣದ ಗಂಧ. ಬೆಳಿಗ್ಗೆ ಮುಖ ತೊಳೆದು ಕತ್ತಿನ ಹಿಂದೆ ಒಂದಿಷ್ಟು, ಮುಂಗೈಗೆ ಒಂದಿಷ್ಟು ತಿಕ್ಕಿಕೊಂಡರೆ ಆಯಿತು. ಆ ದಿನಕ್ಕೆ ನೀವು ನೀವೇ.

ಮಾಡುವುದು ಮಾತ್ರ ಸುಲಭವಲ್ಲ. ಬಂದವರು ನಮ್ಮ ಒಳಕೋಣೆಯಲ್ಲಿ ಮೂರು ದಿನ ಇರಬೇಕು. ಮುರುಗಲ ಬೀಜದ ತುಪ್ಪ ಸವರಿದ ಹತ್ತಿಬಟ್ಟೆಯನ್ನು ಅವರ ಕತ್ತಿಗೆ, ಕಂಕುಳಿಗೆ, ಅಂಗೈಗೆ ಸುತ್ತುತ್ತೇವೆ. ತುಪ್ಪ ಮೈಯ ವಾಸನೆಯನ್ನು ಹೀರಿಕೊಳ್ಳುತ್ತದೆ. ಅಷ್ಟು ಹೊತ್ತೂ ನಾನು ಪಕ್ಕದಲ್ಲಿ ಕೂತು ಅದೂ ಇದೂ ಮಾತಾಡಿಸುತ್ತಾ ಮೂಸುತ್ತಿರುತ್ತೇನೆ. ಸಿಟ್ಟು ಬಂದಾಗ ಹೇಗಿರುತ್ತಾರೆ, ಉಂಡು ಮಲಗಿದಾಗ ಹೇಗಿರುತ್ತಾರೆ, ಸತ್ತ ಅಪ್ಪನ ಮಾತೆತ್ತಿದಾಗ ಹೇಗಿರುತ್ತಾರೆ. ಮೂರನೆಯ ದಿನ ಆ ತುಪ್ಪವನ್ನು ಹೆರೆದು, ಜೇನುಮೇಣದ ಜೊತೆ ಬಿಸಿನೀರ ಮೇಲೆ ಕರಗಿಸಿ, ತುಪ್ಪಕ್ಕೆ ಸಿಗದೆ ಉಳಿದದ್ದನ್ನು ಮೂಗಿನ ಅಳತೆಯಲ್ಲಿ ತುಂಬಬೇಕು. ಅದಕ್ಕೆ ಬೇಕಾದ ಲಾವಂಚ, ಕಚೋರ, ಮರುಗ, ದವನವನ್ನೆಲ್ಲ ಭಟ್ಟಿಯಲ್ಲಿ ಬೇಯಿಸಿ, ಆವಿಯನ್ನು ಗಂಧದೆಣ್ಣೆಗೆ ಇಳಿಸಿಕೊಡುವುದು ನನ್ನ ಗಂಡ ಈರಭದ್ರನ ಕೆಲಸ. ಬಡಗಿ ಚೌಡಪ್ಪನ ಕರಡಿಗೆಗೆ ಹಲಸಿನ ಹೊಟ್ಟು, ಹುರಿದ ಮೆಂತ್ಯ, ಒಂದು ಹನಿ ಮರುಗ. ಮೇಷ್ಟರ ಹೆಂಡತಿಗೆ ಸಂಪಿಗೆಗಿಂತ ಸೀಮೆಸುಣ್ಣವೇ ಜಾಸ್ತಿ. “ಚೆಂದ ಮಾಡಕ್ಕೋಗ್ಬೇಡ, ನಿಜ ಮಾಡು,” ಅನ್ನುತ್ತಿದ್ದರು ಅತ್ತೆ. ಬೆವರಿಲ್ಲದ ಗುರುತನ್ನು ಅವರು ಎತ್ತಿ ಬೀದಿಗೆ ಎಸೆಯುತ್ತಿದ್ದರು.

ಕೊನೆಗೆ ಮೇಣ ಆರುತ್ತಿರುವಾಗ ಕಲ್ಲಿನ ಮೇಲೆ ಹಾಕಿ ನಾದಬೇಕು. ಇಲ್ಲಿ ಅತ್ತೆಯದು ಒಂದೇ ಕಟ್ಟಪ್ಪಣೆ: ಮರದ ಸಟ್ಟುಗದಿಂದ ನಾದಬೇಕು, ಕೈ ಮುಟ್ಟಬಾರದು. ಒಂದು ಮೇಣಕ್ಕೆ ಎರಡು ಗಂಟೆ. ಎರಡು ಗಂಟೆ ಸಟ್ಟುಗ ತಿರುವುತ್ತಾ ಕೂರುವುದು ನನ್ನಿಂದಾಗುವ ಮಾತೇ? ಅಂಗೈಯ ಬಿಸಿಗೆ ಅದೇ ಮೇಣ ಅರ್ಧ ಗಂಟೆಯಲ್ಲಿ ಬೆಣ್ಣೆಯಾಗುತ್ತದೆ. ಅತ್ತೆ ಅತ್ತ ತಿರುಗಿದರೆ ಸಾಕು, ನಾನು ಅಂಟುವಾಳದಲ್ಲಿ ಕೈ ತಿಕ್ಕಿ ತೊಳೆದು, ಬರಿಗೈಯಲ್ಲಿ ನಾದಿಬಿಡುತ್ತಿದ್ದೆ. ತೊಳೆದ ಕೈಯಲ್ಲಿ ಏನಿರುತ್ತದೆ? ಹದಿನೆಂಟು ವರ್ಷ ಹಾಗೇ ನಡೆಯಿತು. ಅತ್ತೆ ಹೋದ ಏಳು ವರ್ಷದಲ್ಲಿ ಸಟ್ಟುಗ ಗೂಟದಲ್ಲೇ ತೂಗಾಡಿಕೊಂಡಿತ್ತು. ಗಿರಾಕಿಗಳು ಬಂದಾಗ ಮಾತ್ರ ಅದನ್ನು ಕೈಯಲ್ಲಿ ಹಿಡಿಯುತ್ತಿದ್ದೆ.

ನನ್ನ ಗುರುತು? ಹಾಂ, ಅದೇ ವಿಷಯ. ಗಂಧಿಗಿತ್ತಿ ತನ್ನ ಗುರುತನ್ನು ತಾನೇ ಮಾಡಿಕೊಳ್ಳಲಾರಳು. ಸ್ವಂತ ಮೈಯ ವಾಸನೆ ಸ್ವಂತ ಮೂಗಿಗೆ ಹತ್ತುವುದಿಲ್ಲ. ನನಗೆ ಮೂವತ್ತಮೂರಾದಾಗಲೇ ಅತ್ತೆ, “ಬಾ, ನಿಂದು ಮಾಡ್ಬಿಡ್ತೀನಿ,” ಅಂದರು. “ಈಗ್ಲೇ ಏನವಸರ ಅತ್ತೆ, ನನ್ನ ಮುದುಕಿ ಮಾಡ್ತೀರಾ? ಮೂರು ದಿನ ಮಲಗಕ್ಕೆ ನಂಗೆ ಪುರುಸೊತ್ತಿಲ್ಲ,” ಅಂದು ನಕ್ಕೆ. ಮರುವರ್ಷ ಇನ್ನೊಂದು ನೆಪ. ಆಮೇಲೆ ಅವರೇ ಇಲ್ಲ. ಆಮೇಲಾಮೇಲೆ ನಾನೇ ಮೂರು ಸಲ ಪ್ರಯತ್ನಪಟ್ಟೆ. ನನ್ನ ಮೈಗೆ ಸುತ್ತಿದ ತುಪ್ಪ ನನ್ನ ಮೂಗಿಗೆ ಬರೀ ತುಪ್ಪ. ಏನೂ ಇಲ್ಲವಲ್ಲ ಅಂತ ಮೇಲೆ ಮೇಲೆ ಏನೇನೋ ಸುರಿದೆ. ಗಂಡನ ಮುಂದೆ ಹಿಡಿದರೆ ಅವರು ಮೂರಕ್ಕೂ “ಚೆನ್ನಾಗೈತೆ ಕಣೇ,” ಅಂದರು. ಅವರಿಗೆ ಎಲ್ಲ ವಾಸನೆಯೂ ಚೆನ್ನಾಗಿಯೇ ಇರುತ್ತದೆ. ಭಟ್ಟಿಯ ಹೊಗೆ ಕುಡಿದ ಮೂಗು. ಹೆಂಡತಿಯ ಗುರುತು ಹಿಡಿಯುವುದಕ್ಕೆ ಸಾಕು, ಗಂಧ ತೂಗುವುದಕ್ಕೆ ಸಾಲದು.

ನಲವತ್ತೆರಡು ತುಂಬಿದ ಮೇಲೆ ನನಗೆ ನೆಮ್ಮದಿ ಅನ್ನುವುದೇ ಇಲ್ಲವಾಯಿತು. ಬೀದಿಗೆ ಹೋದರೆ ಎದುರಿಗೆ ಬಂದವರ ಕಣ್ಣನ್ನೇ ನೋಡುತ್ತಿದ್ದೆ, ಗುರುತು ಹಿಡಿಯುವುದಕ್ಕೆ ಒಂದು ರೆಪ್ಪೆ ತಡವಾಯಿತೇ, ಎರಡು ರೆಪ್ಪೆ ತಡವಾಯಿತೇ ಅಂತ. ಹೂವಿನವಳು ಒಂದು ದಿನ ಮೊಳ ಹಾಕುವಾಗ ತಲೆಯೆತ್ತಲಿಲ್ಲ, ಅವಳು ನನ್ನ ಹೆಸರು ಹೇಳುವವರೆಗೂ ಅಲ್ಲೇ ನಿಂತಿದ್ದೆ. ಮನೆಯ ನಾಯಿ ಕರಿಯ ಒಂದು ಬೆಳಿಗ್ಗೆ ನನ್ನನ್ನೇ ನೋಡಿ ಗುರ್ರೆಂದು, ಆಮೇಲೆ ನಾಚಿಕೊಂಡು ಬಾಲ ಅಲ್ಲಾಡಿಸಿತು. ಅವತ್ತು ನಾನು ಊಟ ಮಾಡಲಿಲ್ಲ. ಗಂಡನ ಪಕ್ಕದಲ್ಲಿ ನಾಲ್ಕು ಸಲ ಹಾಯ್ದೆ, “ನಾನ್ಯಾರು ಹೇಳಿ?” ಅಂದೆ. “ನೀನಾ? ನನ್ನ ಪ್ರಾಣ ತಿನ್ನೋಳು. ಸುಮ್ನೆ ಕೂತ್ಕೊಳೇ ಮಾರಾಯ್ತಿ,” ಅಂದರು. ಅಷ್ಟಕ್ಕೇ ಕಣ್ಣಲ್ಲಿ ನೀರು ಬಂತು.

ಈ ನಡುವೆಯೇ ದ್ಯಾವಕ್ಕ ಜಗಳಕ್ಕೆ ಬಂದದ್ದು. ಅವಳು ಬಡಗಿ ಚೌಡಪ್ಪನ ಹೆಂಡತಿ, ನನಗಿಂತ ಚಿಕ್ಕವಳು, ಇನ್ನೂ ಕರಡಿಗೆ ಬೇಕಾಗದ ವಯಸ್ಸು. ಎರಡು ವರ್ಷದಿಂದ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು, ಯಾಕೆಂದು ತಿಳಿದಿರಲಿಲ್ಲ. ಅವತ್ತು ಜಗಲಿಯಲ್ಲಿ ಐದಾರು ಜನ ಕೂತಿದ್ದ ಹೊತ್ತಿಗೇ ಸೆರಗು ಸಿಕ್ಕಿಸಿಕೊಂಡು ಬಂದು ನಿಂತಳು.

“ಏ ಹೊನ್ನಾಜಿ, ಹೊರಗೆ ಬಾರೇ! ನನ್ನ ಗಂಡನ ಮೈಮೇಲೆ ನಿನ್ನ ವಾಸನೆ ಯಾಕೆ ಬರ್ತದೆ? ನಿಮ್ಮನೇಲಿ ಗುರುತು ಮಾಡಿಸ್ಕೊಂಡು ಬಂದಾಗಿನಿಂದ ನೋಡ್ತಾನೇ ಇವ್ನಿ. ಅವನ ಕತ್ತಿನ ತಾವ ನೀನೇ, ಮುಂಗೈ ತಾವ ನೀನೇ!”

“ಬಾಯಿಗೆ ಬಂದಂಗೆ ಮಾತಾಡ್ಬೇಡ ದ್ಯಾವಿ. ನಿನ್ನ ಗಂಡನ್ನ ನೀನೇ ಇಟ್ಕೋ, ನಂಗ್ಯಾಕೆ?”

“ಹಂಗಾದ್ರೆ ಮೇಣಕ್ಕೆ ಕೈ ಹಾಕಿದ್ಯಾ? ಅದಾದ್ರೂ ಹೇಳು.”

ಜಗಲಿಯ ಮೇಲಿದ್ದವರೆಲ್ಲ ನನ್ನನ್ನೇ ನೋಡಿದರು. ಅಷ್ಟೂ ಜನರ ಸೊಂಟದಲ್ಲಿ ನಾನು ನಾದಿದ ಕರಡಿಗೆ ಇತ್ತು. ಹೂಂ ಅಂದರೆ ನಮ್ಮ ಮನೆಯ ಹೆಸರು ಮಣ್ಣುಪಾಲು. “ಸತ್ತ ನಮ್ಮತ್ತೆ ಮೇಲಾಣೆ, ಈ ಕೈ ಒಂದು ದಿನಕ್ಕೂ ಮೇಣ ಮುಟ್ಟಿಲ್ಲ,” ಅಂದುಬಿಟ್ಟೆ. ದ್ಯಾವಕ್ಕ ಸಿಕ್ಕಿಸಿದ್ದ ಸೆರಗು ಬಿಚ್ಚಿಕೊಂಡಳು. “ಹಂಗಾದ್ರೆ ಇನ್ನೊಂದೇ ಉಳಿದಿರೋದು,” ಅಂದು ಹೊರಟುಹೋದಳು. ಅವಳಿಗೆ ಸಂಶಯದ ಪಿಶಾಚಿ ಬಡಿದಿದೆ ಅಂತ ನಾನು ಎಲ್ಲರ ಮುಂದೆ ನಕ್ಕೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ತೊಳೆದ ಕೈಯಲ್ಲಿ ಏನಿರುತ್ತದೆ?

ಅದಾದ ಹದಿನೈದನೆಯ ದಿನ, ಮಂಗಳವಾರ, ಹಿತ್ತಿಲಲ್ಲಿ ಮುಖ ತೊಳೆದು ಒಳಗೆ ಬಂದೆ. ಈರಭದ್ರ ಭಟ್ಟಿಗೆ ಸೌದೆ ಜೋಡಿಸುತ್ತಿದ್ದವರು ತಟ್ಟನೆ ಎದ್ದು ನಿಂತರು, ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಬನ್ನಿ ತಾಯಿ. ಗುರುತು ಮಾಡಿಸಕ್ಕೆ ಬಂದ್ರಾ? ಕೂತ್ಕೊಳ್ಳಿ. ನನ್ನ ಹೆಂಡ್ತಿ ಇಲ್ಲೇ ಎಲ್ಲೋ ಹೋಗವ್ಳೆ. ಕೂತಲ್ಲಿ ಕೂರೋಳಲ್ಲ ಅವ್ಳು.”

ಇಪ್ಪತ್ತೆರಡು ವರ್ಷ ಬಾಳಿದ ಗಂಡ ನನಗೆ ‘ಬನ್ನಿ’ ಅಂದರು. ಕಂಬ ಹಿಡಿದುಕೊಂಡೆ. “ನಾನೇ ಕಣ್ರೀ. ನಾನೇ ನಿಮ್ಮ ಹೊನ್ನಾಜಿ,” ಅಂದೆ. ಅವರ ಮುಖದ ತುಂಬ ಕನಿಕರ ಬಂತು.

“ಅಯ್ಯೋ ಪಾಪ, ಗುರುತು ಹೋಗೈತೆ ನಿಮ್ದು. ಹಂಗಾದಾಗ ಕಂಡ ಮನೆಯೆಲ್ಲ ನಮ್ಮನೆ ಅನ್ಸತ್ತೆ. ಹೆದರ್ಬೇಡಿ. ಅವ್ಳು ಬರ್ಲಿ, ಏನಾದ್ರೂ ಮಾಡ್ತಾಳೆ.”

ಗುರುತು ತಪ್ಪಿ ಬಾಗಿಲಿಗೆ ಬಂದವರಿಗೆ ಇದೇ ಮಾತು ಹೇಳು ಅಂತ ಅವರಿಗೆ ಕಲಿಸಿದವಳು ನಾನೇ. ಏನಾದರೂ ಮಾಡುತ್ತೇನೆಂದು ನಾನು ಕೂರಿಸಿಕೊಂಡವರಲ್ಲಿ ಒಬ್ಬರಿಗೂ ಏನೂ ಮಾಡಲಾಗಿರಲಿಲ್ಲ. ಹೋದ ವಾಸನೆಯನ್ನು ತರುವುದು ಅತ್ತೆಗೂ ಗೊತ್ತಿರಲಿಲ್ಲ.

ಗೂಡಿನಲ್ಲಿದ್ದ ನನ್ನ ಮೂರೂ ಕರಡಿಗೆಗಳನ್ನು ಹಚ್ಚಿಕೊಂಡು ನೋಡಿದೆ. ಮೊದಲನೆಯದಕ್ಕೆ ಅವರು, “ಹೂವಿನ ಯಾಪಾರವಾ ತಾಯಿ ನಿಮ್ದು?” ಅಂದರು. ಎರಡನೆಯದಕ್ಕೆ, “ನೆಗಡಿಯಾ? ಬಜೆ ಹಚ್ಚಂಗದೆ,” ಅಂದರು. ಮೂರನೆಯದನ್ನು ಹಚ್ಚಿಕೊಂಡು ಎದುರಿಗೆ ಹೋದಾಗ ಅವರ ಕೈಯಲ್ಲಿದ್ದ ಕೊಳವೆ ಬಿದ್ದುಹೋಯಿತು. “ಅವ್ವಾ?” ಅಂದರು. ನನ್ನದು ಹೀಗಿರಬಹುದು ಅಂದುಕೊಂಡು ನಾನು ತುಂಬಿದ್ದು ಅತ್ತೆಯ ವಾಸನೆ! ಹಿತ್ತಿಲಿಗೆ ಓಡಿ ತಿಕ್ಕಿ ತಿಕ್ಕಿ ತೊಳೆದೆ. ತಿರುಗಿ ಬಂದಾಗ ಅವರು ಬಾಗಿಲ ಕಡೆ ನೋಡುತ್ತಾ ಕೂತಿದ್ದರು, ಸಣ್ಣ ಮಗುವಿನ ಮುಖ ಮಾಡಿಕೊಂಡು. ಅವರ ಕರಡಿಗೆಯನ್ನೇ ಕದ್ದು ಹಚ್ಚಿಕೊಳ್ಳೋಣವೇ ಅನ್ನಿಸಿತು. ಹಚ್ಚಿಕೊಂಡರೆ ಅವರೇ ಆಗುತ್ತೇನೆ, ಅವರ ಹೆಂಡತಿಯಲ್ಲ.

ದಿನಗಳು ಹೋದವು. ನಾನು ನನ್ನದೇ ಮನೆಯಲ್ಲಿ ಗಿರಾಕಿಯ ಚಾಪೆಯ ಮೇಲೆ ಮಲಗಿದೆ. ಅವರು ಮುದ್ದೆ ಕಟ್ಟಿ, ಗಂಟು ಗಂಟಾದದ್ದನ್ನು ತಾವು ತಿಂದು, ಚೆನ್ನಾಗಿ ಬಂದದ್ದನ್ನು ನನ್ನ ತಟ್ಟೆಗೆ ಹಾಕುತ್ತಿದ್ದರು. ಇಷ್ಟು ನಯವಾದ ಮನುಷ್ಯ ಅಂತ ನನಗೇ ಗೊತ್ತಿರಲಿಲ್ಲ. ನನ್ನ ಜೊತೆ ಇದ್ದಾಗ ಅವರಿಗೆ ಮಾತಾಡಲು ಅವಕಾಶವೇ ಸಿಗುತ್ತಿರಲಿಲ್ಲ. ಸಂಜೆ ಹೊತ್ತು ಹೆಂಡತಿಯನ್ನು ಹುಡುಕಿಕೊಂಡು ಬೀದಿ ಬೀದಿ ಸುತ್ತಿ ಬರುತ್ತಿದ್ದರು. ಕೆರೆ ನೋಡಿದರು, ಬಾವಿ ನೋಡಿದರು. ಸೋಮವಾರ ಗೂಟದಿಂದ ಚೀಲ ಇಳಿಸಿ ಧೂಳು ಕೊಡವಿದರು.

“ಇನ್ನು ಮೂರು ದಿನ ನೋಡ್ತೀನಿ ತಾಯಿ. ಗುರುವಾರ ಬಿಸಿಲು ಇಳಿದ ಮೇಲೆ ಹೊಳೆ ದಾಟಿ ಹುಡುಕ್ಕೊಂಡು ಹೋಗ್ತೀನಿ. ಸಿಗೋವರ್ಗೂ ಬರಲ್ಲ.”

ಹೊಳೆ ದಾಟಿದವರು ನಮ್ಮೂರಿಗೆ ತಿರುಗಿ ಬಂದದ್ದನ್ನು ನಾನು ಕಂಡಿಲ್ಲ. ಎದುರಿಗೇ ಇರುವವಳನ್ನು ಹುಡುಕಿಕೊಂಡು ಈ ಮನುಷ್ಯ ಲೋಕವೆಲ್ಲ ಅಲೆಯುತ್ತಾರೆ, ನಾನು ಇಲ್ಲಿ ಯಾರೂ ಅಲ್ಲದವಳಾಗಿ ಕೂತಿರುತ್ತೇನೆ. “ಹೋಗ್ಬೇಡಿ, ಕಾಲು ಹಿಡ್ಕೋತೀನಿ,” ಅಂದೆ. ಅವರು ಮುಜುಗರಪಟ್ಟುಕೊಂಡು ಕಾಲು ಹಿಂದಕ್ಕೆಳೆದುಕೊಂಡರು.

ಮಾರನೆಯ ದಿನ, ಬೆಳಗಿನ ಗಂಜಿ ಕುಡಿಯುವಾಗ, ಅವರು ಇದ್ದಕ್ಕಿದ್ದಂತೆ ತಲೆಯೆತ್ತಿ ಗಾಳಿ ಮೂಸಿದರು. “ಒಂದ್ ಮಾತು ಹೇಳ್ತೀನಿ ತಾಯಿ, ನನಗೇನು ಹುಚ್ಚು ಅನ್ಬೇಡಿ. ಅವ್ಳು ದೂರ ಹೋಗಿಲ್ಲ. ಬೆಳಿಗ್ಗೆ ಎದ್ದು ನನ್ನ ಗುರುತು ಹಚ್ಕೋತೀನಲ್ಲ, ಆ ಗಳಿಗೆ ಇಲ್ಲೇ ಪಕ್ಕದಲ್ಲಿ ನಿಂತಂಗೆ ಅವಳ ವಾಸನೆ ಬರ್ತದೆ. ಮಧ್ಯಾಹ್ನದ ಹೊತ್ಗೆ ಹೋಗ್ಬಿಡ್ತದೆ. ದಿನಾ ಹಿಂಗೇ.”

ಗಂಜಿಯ ಲೋಟ ನನ್ನ ಕೈಯಲ್ಲೇ ನಿಂತಿತು. ಅವರ ಕರಡಿಗೆಯ ಮೇಣ ನಾದಿದ್ದು ನಾನು. ಆರು ವರ್ಷದ ಹಿಂದೆ, ಬರಿಗೈಯಲ್ಲಿ. ಎಲ್ಲರ ಕರಡಿಗೆಗೂ ಮಾಡುವಂತೆ ಪ್ರತಿ ವರ್ಷ ಹಳೆಯದರಲ್ಲಿ ಒಂದು ಚೂರು ಉಳಿಸಿ, ಹಾಲಿಗೆ ಹೆಪ್ಪು ಹಾಕುವಂತೆ ಹೊಸ ಮೇಣಕ್ಕೆ ಸೇರಿಸಿ, ಮತ್ತೆ ಬರಿಗೈಯಲ್ಲಿ ನಾದಿದ್ದೆ. ದ್ಯಾವಕ್ಕ ಸುಳ್ಳಾಡಿರಲಿಲ್ಲ. ಎಂಥಾ ಪೆದ್ದಿ ನಾನು! ಸ್ವಂತ ವಾಸನೆ ಸ್ವಂತ ಮೂಗಿಗೆ ಹತ್ತುವುದಿಲ್ಲವೆಂದು ಹದಿನೆಂಟು ವರ್ಷ ಬಾಯಲ್ಲಿ ಹೇಳಿಕೊಂಡು ಬಂದವಳಿಗೆ ಅದು ತಲೆಗೆ ಹೋಗಿರಲಿಲ್ಲ. ನಾನು ಹೋಗಿದ್ದೆ, ನಿಜ. ಆದರೆ ಊರಿನ ಒಂದೊಂದು ಕರಡಿಗೆಯ ತಳದಲ್ಲೂ ಚೂರು ಚೂರಾಗಿ ಉಳಿದುಕೊಂಡಿದ್ದೆ.

ಎಲ್ಲಿಗೆ ಓಡಿದೆ ಅನ್ನುತ್ತೀರಿ? ದ್ಯಾವಕ್ಕನ ಮನೆಗೆ. ಈ ಊರಲ್ಲಿ ಆ ವಾಸನೆಯನ್ನು ಬೇರೆ ಮಾಡಿ ಹಿಡಿಯಬಲ್ಲ ಮೂಗು ಅವಳದೊಂದೇ. ಎರಡು ವರ್ಷ ರಾತ್ರಿ ಹಗಲು ಅದನ್ನು ದ್ವೇಷಿಸಿದ್ದಳಲ್ಲ.

ಅವಳು ಹೊಸಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಚೌಡಪ್ಪ ಹೊರಗಿನ ಕೊಟ್ಟಿಗೆಯಲ್ಲಿ ಒಬ್ಬನೇ ಉಣ್ಣುತ್ತಿದ್ದ. ನಾನು ಆಣೆ ಹಾಕಿದ ದಿನದಿಂದ ಅವನ ತಟ್ಟೆ ಅಲ್ಲೇ ಅಂತ ಆಮೇಲೆ ತಿಳಿಯಿತು.

“ಯಾರಮ್ಮ ನೀವು? ಏನಾಗ್ಬೇಕಿತ್ತು?”

“ಗಂಧಿಗರ ಮನೇಲಿ ತಂಗಿರೋಳು. ಒಂದು ವಿಷಯ ಹೇಳಕ್ಕೆ ಬಂದೆ. ಹೊನ್ನಾಜಿ ಸುಳ್ಳಾಣೆ ಹಾಕಿದ್ಲು. ಅವ್ಳು ಸಟ್ಟುಗ ಮುಟ್ತಿರ್ಲಿಲ್ಲ. ಬರಿಗೈಲೇ ಮೇಣ ನಾದ್ತಿದ್ಲು, ಎಲ್ಲರದ್ದೂ. ನಾನು ಕಣ್ಣಾರೆ ಕಂಡಿದ್ದೀನಿ.”

ದ್ಯಾವಕ್ಕನ ಕೈಯಿಂದ ಅವರೆಕಾಯಿ ಜಾರಿತು. ಅವಳು ಕುಣಿದಾಡುತ್ತಾಳೆ, ಊರೆಲ್ಲ ಸಾರುತ್ತಾಳೆ ಅಂದುಕೊಂಡಿದ್ದೆ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. “ಹಂಗಾದ್ರೆ ಅವನು ಅವಳ ತಾವ ಹೋಗಿರ್ಲಿಲ್ಲ,” ಅಂದಳು. “ಎಲ್ಲರ ಕರಡಿಗೇಲೂ ಐತೆ ಅಂದ್ರೆ, ಅವನು ಎಲ್ಲೂ ಹೋಗಿರ್ಲಿಲ್ಲ.” ನನಗೆ ನಿಂತ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ನನ್ನ ಮನೆಯ ಹೆಸರು ಉಳಿಸಿಕೊಳ್ಳಲು ಆಡಿದ ಒಂದು ಮಾತಿಗೆ ಅವಳ ಮನೆ ಎರಡು ಹೋಳಾಗಿತ್ತು.

“ನಿನ್ನ ಮೂಗಿಂದ ನೀನೇ ನೋಡ್ಕೋ ತಾಯಿ,” ಅಂದೆ. “ಒಂದೊಂದು ಮನೆಯಿಂದ ಒಂದೊಂದು ಚೂರು ಮೇಣ ಎತ್ತೋಣ.”

ಅವಳು ಕಣ್ಣೊರೆಸಿಕೊಂಡು ತಟ್ಟೆ ಹಿಡಿದು ಹೊರಟೇಬಿಟ್ಟಳು. ಆ ದಿನ, ಮಾರನೆಯ ದಿನ, ಎರಡು ದಿನದಲ್ಲಿ ನಲವತ್ತಮೂರು ಮನೆ. “ನನ್ನ ಗಂಡನ ಮಾನದ ಪ್ರಶ್ನೆ ಕಣ್ರವ್ವಾ, ಉಗುರಿನಷ್ಟು ಕೊಡಿ,” ಅನ್ನುವಳು. ಕರಡಿಗೆ ಬಿಚ್ಚಿ ಮೂಗಿಗೆ ಹಿಡಿಯುವಳು. “ಐತೆ! ಇದ್ರಲ್ಲೂ ಐತೆ!” ಮೊದಲ ಐದು ಮನೆಯಲ್ಲಿ ಅತ್ತಳು, ಹತ್ತನೆಯ ಮನೆಯ ಹೊತ್ತಿಗೆ ನಗತೊಡಗಿದಳು. ನಾನು ಹಿಂದೆ ನಿಂತು ಹೊನ್ನಾಜಿಯ ತಪ್ಪನ್ನು ಸಾಕ್ಷಿಯಾಗಿ ಹೇಳುತ್ತಿದ್ದೆ. ಕೆಲವರು ನಂಬದೆ ನನ್ನ ಮೇಲೇ ರೇಗಿದರು. “ಯಾವೂರವಳಮ್ಮ ನೀನು? ಹೊನ್ನಾಜಮ್ಮ ಅಂಥೋಳಲ್ಲ,” ಅಂದರು ಮೇಷ್ಟರ ಹೆಂಡತಿ. ಇನ್ನೊಂದು ಮನೆಯ ಮುದುಕಿ, “ಮುಟ್ಟಿದ್ರೆ ಮುಟ್ಟಿರ್ತಾಳೆ, ಆ ಹೆಣ್ಣಿಗೆ ಎಲ್ಲಾ ಆತುರ. ಆದ್ರೂ ನನ್ನ ಮೊಮ್ಮಗ ನನ್ನ ಗುರುತು ಹಿಡೀತಾನಲ್ಲ, ಅಷ್ಟು ಸಾಕು,” ಅಂದಳು. ಹೊಗಳಿಕೆ ಬೈಗುಳ ಎರಡನ್ನೂ ಬೇರೆಯವರದೆಂಬಂತೆ ಕೇಳಿಸಿಕೊಂಡು ನಿಂತಿದ್ದೆ. ಆದರೆ ಮೇಣ ಕೊಡದೆ ಕಳಿಸಿದವರು ಒಬ್ಬರೂ ಇಲ್ಲ. ಕರಡಿಗೆಯ ಮೂಲೆಯಿಂದ ಉಗುರಿನಲ್ಲಿ ಕೆರೆದು, ತಟ್ಟೆಯ ಅಂಚಿಗೆ ಒತ್ತಿ ಕಳಿಸಿದರು.

ಗುರುವಾರ ಮಧ್ಯಾಹ್ನ ತಟ್ಟೆಯನ್ನು ನಮ್ಮ ಭಟ್ಟಿಮನೆಗೆ ತಂದೆವು. ಈರಭದ್ರ ಜಗಲಿಯಲ್ಲಿ ಬುತ್ತಿ ಕಟ್ಟಿಕೊಳ್ಳುತ್ತಿದ್ದರು. “ಮಾಡ್ಕೊಳ್ಳಿ, ಏನಾರ ಮಾಡ್ಕೊಳ್ಳಿ. ಅವಳ ಸಾಮಾನು ಹಾಳು ಮಾಡ್ಬೇಡಿ, ಬಂದ್ರೆ ಬೈತಾಳೆ,” ಅಂದರು. ಅಂಗಳದ ಬಿಸಿಲು ತುಳಸಿಕಟ್ಟೆಯ ಹತ್ತಿರ ಬಂದಿತ್ತು. ಕಟ್ಟೆ ದಾಟಿದರೆ ಅವರು ಹೊರಡುತ್ತಾರೆ.

ನಲವತ್ತಮೂರು ಜನರನ್ನು ಒಂದೇ ಬಟ್ಟಲಲ್ಲಿ ಕರಗಿಸಿದೆ. ನನ್ನ ಲೆಕ್ಕಾಚಾರ ಇಷ್ಟೇ: ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಕೇಳಿಸುವುದಿಲ್ಲ, ಎಲ್ಲರೂ ಒಂದೇ ಹೆಸರು ಕೂಗಿದರೆ ಅದು ಕೇಳಿಸುತ್ತದೆ. ಸಣ್ಣ ಉರಿಯಲ್ಲಿ ಹಗುರವಾದದ್ದೆಲ್ಲ ಮೇಲೆದ್ದು ಹೋಗತೊಡಗಿತು. ಹಲಸಿನ ಹೊಟ್ಟು ಹೋಯಿತು, ಸೀಮೆಸುಣ್ಣ ಹೋಯಿತು, ಯಾರದೋ ಹೊಗೆಸೊಪ್ಪು ಹೋಯಿತು. ನನ್ನ ಮೂಗಿಗೆ ಕೊನೆಗೆ ಏನೂ ಉಳಿಯಲಿಲ್ಲ, ಬರೀ ಮೇಣ. ಕುರುಡಿಯ ಹಾಗೆ ದ್ಯಾವಕ್ಕನ ಮುಖ ನೋಡುತ್ತಾ ಕೂತೆ. ಅವಳು ಬಗ್ಗಿ ಬಗ್ಗಿ ಮೂಸುವಳು.

“ಇನ್ನೂ ಗದ್ದಲ ಐತೆ... ಈಗ ಸ್ವಲ್ಪ... ತಾಳು, ನಮ್ಮ ಚೌಡಪ್ಪಂದು ಇನ್ನೂ ಅಡ್ಡ ಬರ್ತದೆ...”

ಬಿಸಿಲು ಕಟ್ಟೆಯ ಮೇಲೆ ಹತ್ತಿತ್ತು. ಈರಭದ್ರ ಎದ್ದು ಚೀಲ ಹೆಗಲಿಗೇರಿಸಿ, ಕರಿಯನ ತಲೆ ಸವರಿದ ಸದ್ದು ಕೇಳಿಸಿತು. ಇಳಿಸಿಬಿಡಲೇ? ಒಂದು ಗಳಿಗೆ ಮುಂಚೆ ಇಳಿಸಿದರೆ ನಾನು ಅರ್ಧ ಬಡಗಿಯಾಗುತ್ತೇನೆ, ಒಂದು ಗಳಿಗೆ ತಡವಾದರೆ ಏನೂ ಉಳಿಯುವುದಿಲ್ಲ. ಜನ್ಮದಲ್ಲಿ ಮೊದಲನೆಯ ಸಲ ಕೈಕಟ್ಟಿ ಕಾದೆ.

“ಇದೇ!” ಅಂದಳು ದ್ಯಾವಕ್ಕ. “ಇದೇ ಕಣಮ್ಮ ಅವ್ಳು! ಆ ಹಾಳು ಹೊನ್ನಾಜಿ!”

ಇಳಿಸಿ, ಕಲ್ಲಿನ ಮೇಲೆ ಸುರಿದು, ಬರಿಗೈಯಲ್ಲಿ ನಾದಿದೆ. ಈಗ ಆ ಕೈಯಲ್ಲಿ ಏನೂ ಇರಲಿಲ್ಲ, ತಪ್ಪಾಗುವ ಹಾಗೂ ಇರಲಿಲ್ಲ. ಬಿಸಿ ಇರುವಾಗಲೇ ಕತ್ತಿಗೆ, ಮುಂಗೈಗೆ ತಿಕ್ಕಿಕೊಂಡು ತಿರುಗಿದೆ. ದ್ಯಾವಕ್ಕನ ಕಣ್ಣು ಅಗಲವಾಯಿತು.

“ಏ ಹೊನ್ನಾಜಿ! ಎಲ್ಲಿದ್ಯೇ ಇಷ್ಟು ದಿನ?” ಅಂದವಳೇ ನನ್ನ ಕಪಾಳಕ್ಕೆ ಒಂದು ಬಿಟ್ಟಳು. “ಸುಳ್ಳಾಣೆ ಹಾಕ್ತೀಯಾ? ನನ್ನ ಮನೆ ಮುರಿಯೋಳೇ!”

ಅಷ್ಟು ಹಿತವಾದ ಏಟು ನಾನು ತಿಂದಿರಲಿಲ್ಲ. “ತಪ್ಪಾಯ್ತು ಕಣೇ ದ್ಯಾವಿ, ಊರ ಮುಂದೆ ಹೇಳ್ತೀನಿ,” ಅಂದೆ. ಅವಳು ಆಗಲೇ ಸುತ್ತಮುತ್ತ ನೋಡುತ್ತಿದ್ದಳು. “ಇಲ್ಲೊಬ್ಳು ಆವಮ್ಮ ಇದ್ಲಲ್ಲ? ಎತ್ಲಾಗೆ ಹೋದ್ಲು? ಪಾಪ, ಒಂದು ಮಾತು ಹೇಳದೆ ಹೊರಟೋದ್ಲಲ್ಲ,” ಅಂದಳು. ಆಮೇಲೆ ಏನೋ ನೆನಪಾದವಳಂತೆ ಸೀರೆ ಎತ್ತಿಕಟ್ಟಿ ತನ್ನ ಮನೆಯ ಕಡೆ ಓಡಿದಳು. ಚೌಡಪ್ಪನ ತಟ್ಟೆ ಆ ರಾತ್ರಿ ಒಳಗೆ ಬಂತಂತೆ.

ನಾನು ಬಾಗಿಲಿಗೆ ಓಡಿದೆ. ಬಿಸಿಲು ಕಟ್ಟೆ ದಾಟಿತ್ತು. ಈರಭದ್ರ ಅಂಗಳದ ತುದಿಯಲ್ಲಿ, ಬೇಲಿಯ ತಡಿಕೆಗೆ ಕೈ ಇಟ್ಟು ನಿಂತಿದ್ದರು. ಗಾಳಿ ನನ್ನ ಬೆನ್ನ ಕಡೆಯಿಂದ ಬೀಸಿತು. ಅವರು ತಡಿಕೆ ಬಿಟ್ಟು ಮೆಲ್ಲನೆ ತಿರುಗಿದರು.

“ಎಲ್ಲಿ ಹಾಳಾಗಿ ಹೋಗಿದ್ಯೇ?” ಅಂದರು. ಚೀಲ ಕೆಳಗೆ ಬಿತ್ತು. ಅಂಗಳದ ನಡುವೆಯೇ ಕುಸಿದು ಕೂತು, ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನೂ ಪಕ್ಕದಲ್ಲಿ ಕೂತು ಅತ್ತೆ. ಕರಿಯ ಇಬ್ಬರ ಸುತ್ತಲೂ ಓಡಾಡಿ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೆಕ್ಕಿತು. ಎಲ್ಲಿ ಹೋಗಿದ್ದೆ ಅಂತ ನಾನು ಹೇಳಲಿಲ್ಲ, ಅವರೂ ಸಂತೋಷದಲ್ಲಿ ಎರಡನೆಯ ಸಲ ಕೇಳಲಿಲ್ಲ.

ಸಂಜೆ ಒಲೆ ಹಚ್ಚಿ ಮುದ್ದೆ ತೊಳಸಿ, ಬಸ್ಸಾರು ಮಾಡಿದೆ. ಅವರು ಕೈಕಾಲು ತೊಳೆದು ಬಂದು ಕೂತರು. ಎರಡು ತಟ್ಟೆ ಇಟ್ಟೆ. ಅವರು ತಟ್ಟೆ ನೋಡಿ, ಒಳಕೋಣೆಯ ಚಾಪೆ ನೋಡಿ, “ಇನ್ನೊಂದು ತಟ್ಟೆ ಹಾಕೇ,” ಅಂದರು.

“ಯಾರಿಗೆ?”

“ಒಬ್ಳು ಹೆಂಗಸು ಬಂದವ್ಳೆ. ಗುರುತು ಕಳ್ಕೊಂಡೋಳು. ಒಂಬತ್ತು ದಿನದಿಂದ ನಿನ್ನೇ ಕಾಯ್ತಾ ಇದ್ಲು. ನಾನು ಹೊರಟೋದ್ರೆ ಅವಳಿಗ್ಯಾರು ಗತಿ ಅಂತ ಅದೊಂದೇ ಚಿಂತೆ ಆಗಿತ್ತು ನಂಗೆ. ಒಳ್ಳೆಯವ್ಳು ಕಣೇ. ನಾನು ಕಟ್ಟಿದ ಮುದ್ದೇನ ಒಂದು ಮಾತಿಲ್ದೆ ತಿಂದ್ಲು. ನೀನು ಅವಳಿಗೇನಾರ ಮಾಡ್ಬೇಕು.”

“ಮಾಡ್ತೀನಿ,” ಅಂದೆ.

ಮೂರನೆಯ ತಟ್ಟೆ ತಂದು ಹಾಕಿದೆ. ಅವರು ತುತ್ತು ಮುಟ್ಟದೆ ಬಾಗಿಲ ಕಡೆ ನೋಡುತ್ತಾ ಕಾದರು. “ಬರ್ತಾಳೆ ಬಿಡು. ನೀನು ಕೂತ್ಕೋ,” ಅಂದರು. ಯಾವ ತಟ್ಟೆಯ ಮುಂದೆ ಕೂರಬೇಕೆಂದು ತಿಳಿಯದೆ ನಾನು ಸ್ವಲ್ಪ ಹೊತ್ತು ನಿಂತೇ ಇದ್ದೆ.